ಕಾಶಿಕಣಗಿಲೆ ಮತ್ತು ನನ್ನ ಅಂಗಾಲು

ಚಪ್ಪಲಿ ಕಳಚಿ ಬಿದ್ದದ್ದು ನನಗೆ ಗೊತ್ತೇ ಆಗಲಿಲ್ಲ. ಬೆಳಿಗ್ಗೆ ಹಾಲು ತರಲು ಹೋದವನು ಗೇಟು ತೆಗೆದು, ಅಂಗಳ ದಾಟಿ, ಪಡಸಾಲೆಗೆ ಕಾಲಿಟ್ಟಾಗ ಹೆಂಡತಿ ಕೇಳಿದಳು, "ಇನ್ನೊಂದು ಚಪ್ಪಲಿ ಎಲ್ರೀ?" ನೋಡಿಕೊಂಡರೆ ಬಲಗಾಲಿನಲ್ಲಿ ಹವಾಯಿ ಚಪ್ಪಲಿ ಇತ್ತು, ಎಡಗಾಲು ಬರಿಗಾಲು. ಬಂದ ದಾರಿಯಲ್ಲೇ ವಾಪಸು ಹೋದೆ. ಬೀದಿಯ ತಿರುವಿನಲ್ಲಿ, ಡಾಂಬರು ಕಿತ್ತು ಜಲ್ಲಿ ಎದ್ದಿರುವ ಕಡೆ, ಚಪ್ಪಲಿ ಮಗುಚಿ ಬಿದ್ದಿತ್ತು. ಅಲ್ಲಿಂದ ಮನೆಯವರೆಗೆ ಜಲ್ಲಿಕಲ್ಲಿನ ಮೇಲೆ ಬರಿಗಾಲಿನಲ್ಲಿ ನಡೆದು ಬಂದಿದ್ದೆ. ಅಂಗಾಲು ನನಗೆ ಯಾವ ಸುದ್ದಿಯನ್ನೂ ಮುಟ್ಟಿಸಿರಲಿಲ್ಲ.

ಆಗ ನನಗೆ ಲಿಂಫೋಮಾ ಎಂಬ ಕ್ಯಾನ್ಸರಿಗೆ ಕಿಮೊಥೆರಪಿ ನಡೆಯುತ್ತಿತ್ತು. 21 ದಿನಕ್ಕೊಮ್ಮೆಯಂತೆ ಒಟ್ಟು 6 ಸುತ್ತು. ಚಪ್ಪಲಿ ಬಿದ್ದದ್ದು ನಾಲ್ಕನೆಯ ಸುತ್ತು ಮುಗಿದ ವಾರ. ಬೆರಳ ತುದಿಗಳಲ್ಲಿ ಜೋಮು ಹಿಡಿದಂತಾಗುವುದು ಎರಡನೆಯ ಸುತ್ತಿನಿಂದಲೇ ಶುರುವಾಗಿತ್ತು. ಅಂಗಿಯ ಗುಂಡಿ ಹಾಕಿಕೊಳ್ಳಲು ಕನ್ನಡಿಯ ಮುಂದೆ ನಿಲ್ಲಬೇಕಾಗುತ್ತಿತ್ತು, ಬೆರಳಿಗೆ ಸಿಗದ ಗುಂಡಿಯನ್ನು ಕಣ್ಣಿನಿಂದ ಹುಡುಕಬೇಕಿತ್ತು. ಆದರೆ ಡಾಕ್ಟರು ಪ್ರತಿ ಸಲ "ಕೈಕಾಲು ಹೇಗಿದೆ?" ಎಂದು ಕೇಳಿದಾಗಲೂ ನಾನು "ಪರವಾಗಿಲ್ಲ ಮೇಡಂ" ಎನ್ನುತ್ತಿದ್ದೆ. ಹೇಳಿದರೆ ಔಷಧಿ ಕಡಿಮೆ ಮಾಡುತ್ತಾರೆ, ಔಷಧಿ ಕಡಿಮೆಯಾದರೆ ಗಡ್ಡೆ ಮತ್ತೆ ಬೆಳೆಯುತ್ತದೆ ಎಂಬ ಭಯ. ಜೋಮಿಗಾಗಿ ಜೀವ ಕಳೆದುಕೊಳ್ಳುವುದೇ ಎಂದು ನನಗೆ ನಾನೇ ಹೇಳಿಕೊಂಡಿದ್ದೆ.

ನಾನು ದಾವಣಗೆರೆ ಜಿಲ್ಲೆಯ ಒಂದು ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುವವನು. ರೋಗದ ಬಗ್ಗೆ ಓದುವುದಕ್ಕೆ ಧೈರ್ಯವಿರಲಿಲ್ಲ. ಔಷಧಿಯ ಬಗ್ಗೆ ಓದಬಹುದು ಎನಿಸಿತು. ನನಗೆ ಕೊಡುತ್ತಿದ್ದ ಔಷಧಿಗಳ ಗುಂಪಿಗೆ 'ಚಾಪ್' ಎಂದು ಹೆಸರು. ಸಿ, ಎಚ್, ಓ, ಪಿ ಎಂಬ ನಾಲ್ಕು ಅಕ್ಷರಗಳು. ಅದರಲ್ಲಿ 'ಓ' ಎಂದರೆ ಆಂಕೊವಿನ್, ಅಂದರೆ ವಿಂಕ್ರಿಸ್ಟಿನ್. ಕೈಕಾಲು ಜೋಮು ಹಿಡಿಸುತ್ತಿದ್ದುದು ಇದೇ. ಈ ವಿಂಕ್ರಿಸ್ಟಿನ್ ಎಲ್ಲಿಂದ ಬಂತು ಎಂದು ಹುಡುಕುತ್ತ ಹೋದವನು ಕೊನೆಗೆ ನಮ್ಮ ಮನೆಯ ಅಂಗಳಕ್ಕೇ ಬಂದು ನಿಂತೆ.

ನಮ್ಮ ಅಂಗಳದಲ್ಲಿ, ತುಳಸಿ ಕಟ್ಟೆಯ ಪಕ್ಕ, ಅವ್ವ ನೆಟ್ಟ ಕಾಶಿಕಣಗಿಲೆ ಗಿಡಗಳಿವೆ. ನೇರಳೆ ಮಿಶ್ರಿತ ಗುಲಾಬಿ ಬಣ್ಣದ್ದೊಂದು, ಬಿಳಿಯದೊಂದು. ನೀರು ಹಾಕಲಿ ಬಿಡಲಿ, ವರ್ಷವಿಡೀ ಹೂ ಬಿಡುತ್ತದೆ. ಅದಕ್ಕೇ ನಿತ್ಯಪುಷ್ಪ, ಸದಾಪುಷ್ಪ ಎಂಬ ಹೆಸರುಗಳೂ ಇವೆ. ತಮಿಳರು ಇದನ್ನು ನಿತ್ಯಕಲ್ಯಾಣಿ ಎನ್ನುತ್ತಾರೆ. ಅವರಲ್ಲೇ ಇದಕ್ಕೆ ಸುಡುಗಾಟ್ಟು ಮಲ್ಲಿ, ಅಂದರೆ ಸುಡುಗಾಡಿನ ಮಲ್ಲಿಗೆ ಎಂಬ ಹೆಸರೂ ಇದೆ. ಒಂದೇ ಗಿಡಕ್ಕೆ ಮಂಗಳದ ಹೆಸರೂ ಮಸಣದ ಹೆಸರೂ ಇರುವುದನ್ನು ಓದಿದಾಗ ಜನ ಸುಮ್ಮನೆ ಹೆಸರಿಡುವುದಿಲ್ಲ ಎನಿಸಿತು. ಗಿಡ ಮೂಲದಲ್ಲಿ ನಮ್ಮದಲ್ಲ, ಮಡಗಾಸ್ಕರ್ ದ್ವೀಪದ್ದು. ಹಡಗುಗಳ ಜೊತೆ ಊರೂರು ಸುತ್ತಿ ಬಿಸಿಲಿರುವ ದೇಶಗಳಲ್ಲೆಲ್ಲ ನೆಲೆ ನಿಂತಿತು. 1759ರಲ್ಲಿ ಲಿನೆಯಸ್ ಇದಕ್ಕೆ 'ವಿಂಕಾ ರೋಸಿಯಾ' ಎಂದು ಹೆಸರಿಟ್ಟ. ಈಗ ಸಸ್ಯಶಾಸ್ತ್ರದಲ್ಲಿ ಇದರ ಹೆಸರು 'ಕ್ಯಾಥರಾಂಥಸ್ ರೋಸಿಯಸ್'. ಔಷಧಿಯ ಹೆಸರಿನಲ್ಲಿ ಮಾತ್ರ ಹಳೆಯ 'ವಿಂಕಾ' ಉಳಿದುಕೊಂಡಿದೆ.

ಈ ಗಿಡ ಕ್ಯಾನ್ಸರ್ ಆಸ್ಪತ್ರೆಗೆ ಬಂದದ್ದು ಸಕ್ಕರೆ ಕಾಯಿಲೆಯ ದಾರಿಯಲ್ಲಿ. 1921ರ ಬೇಸಿಗೆಯಲ್ಲಿ ಕೆನಡಾದ ಟೊರಾಂಟೊದಲ್ಲಿ ಫ್ರೆಡೆರಿಕ್ ಬ್ಯಾಂಟಿಂಗ್ ಇನ್ಸುಲಿನ್ ಸಂಶೋಧನೆ ಶುರು ಮಾಡುವಾಗ ಅವರ ಸಹಾಯಕ್ಕೆ ಇಬ್ಬರು ವಿದ್ಯಾರ್ಥಿಗಳಿದ್ದರು. ಮೊದಲು ಯಾರು ಹೋಗಬೇಕು ಎಂದು ಇಬ್ಬರೂ ನಾಣ್ಯ ಚಿಮ್ಮಿದರು. ಗೆದ್ದವರು ಚಾರ್ಲ್ಸ್ ಬೆಸ್ಟ್. ಅವರ ಹೆಸರು ಇವತ್ತು ಇನ್ಸುಲಿನ್ನಿನ ಜೊತೆ ಶಾಲೆಯ ಪಾಠದಲ್ಲಿದೆ. ಸೋತವರು ಕ್ಲಾರ್ಕ್ ನೋಬಲ್. ಅವರ ಹೆಸರು ಬಹಳ ಜನಕ್ಕೆ ಗೊತ್ತಿಲ್ಲ.

ಮೂವತ್ತು ವರ್ಷ ಕಳೆದ ಮೇಲೆ, 1952ರಲ್ಲಿ, ಇದೇ ಕ್ಲಾರ್ಕ್ ನೋಬಲ್ ಅವರಿಗೆ ಜಮೈಕಾದಿಂದ ಒಂದು ಲಕೋಟೆ ಬಂತು. ಅದರಲ್ಲಿದ್ದದ್ದು 25 ಕಾಶಿಕಣಗಿಲೆ ಎಲೆಗಳು. ಇನ್ಸುಲಿನ್ ಸಿಗದಿದ್ದಾಗ ಜಮೈಕಾದ ಜನ ಈ ಎಲೆಯ ಕಷಾಯ ಕುಡಿಯುತ್ತಾರೆ, ಪರೀಕ್ಷಿಸಿ ನೋಡಬಹುದೇ ಎಂಬ ಕೋರಿಕೆ. ಕ್ಲಾರ್ಕ್ ಆಗ ನಿವೃತ್ತರಾಗಿದ್ದರು. ಲಕೋಟೆಯನ್ನು ತಮ್ಮ ರಾಬರ್ಟ್ ನೋಬಲ್ ಅವರಿಗೆ ಕಳಿಸಿದರು. ರಾಬರ್ಟ್ ಇದ್ದದ್ದು ಕೆನಡಾದ್ದೇ ಆದ ಲಂಡನ್ ಎಂಬ ಊರಿನ ವೆಸ್ಟರ್ನ್ ಒಂಟಾರಿಯೊ ವಿಶ್ವವಿದ್ಯಾಲಯದಲ್ಲಿ.

ಅವರು ಎಲೆಯ ಸಾರವನ್ನು ಇಲಿಗಳಿಗೆ ತಿನ್ನಿಸಿ ನೋಡಿದರು. ರಕ್ತದ ಸಕ್ಕರೆ ಇಳಿಯಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೆ ಬಿಡುತ್ತಿದ್ದರೇನೋ. ಇವರು ಸಾರವನ್ನು ಸೂಜಿಯಲ್ಲಿ ಚುಚ್ಚಿ ನೋಡಿದರು. ಸಕ್ಕರೆಯ ಮಟ್ಟ ಹಾಗೇ ಇತ್ತು, ಆದರೆ ಕೆಲವೇ ದಿನಗಳಲ್ಲಿ ಇಲಿಗಳು ಸೋಂಕು ತಗುಲಿ ಸತ್ತವು. ಯಾಕೆಂದು ನೋಡಿದರೆ ಅವುಗಳ ರಕ್ತದಲ್ಲಿ ಬಿಳಿ ಕಣಗಳು ತೀರಾ ಕುಸಿದಿದ್ದವು. ಬಿಳಿ ಕಣಗಳನ್ನು ಇಷ್ಟೊಂದು ಕಡಿಮೆ ಮಾಡುವ ವಸ್ತು, ಬಿಳಿ ಕಣಗಳು ಮಿತಿಮೀರಿ ಬೆಳೆಯುವ ರಕ್ತದ ಕ್ಯಾನ್ಸರಿಗೆ ಔಷಧಿಯಾಗಬಾರದೇಕೆ ಎಂಬ ಪ್ರಶ್ನೆ ಹುಟ್ಟಿತು. 1954ರಲ್ಲಿ ಚಾರ್ಲ್ಸ್ ಬಿಯರ್ ಎಂಬ ರಸಾಯನಶಾಸ್ತ್ರಜ್ಞರು ರಾಬರ್ಟ್ ಜೊತೆ ಸೇರಿದರು. ಎಲೆಯಲ್ಲಿ ಅಡಗಿದ್ದ ವಿನ್‌ಬ್ಲಾಸ್ಟಿನ್ ಅನ್ನು ಬೇರ್ಪಡಿಸಿ 1958ರಲ್ಲಿ ನ್ಯೂಯಾರ್ಕಿನ ಸಭೆಯೊಂದರಲ್ಲಿ ಫಲಿತಾಂಶವನ್ನು ಮಂಡಿಸಿದರು.

ಅದೇ ಹೊತ್ತಿಗೆ ಅಮೆರಿಕದ ಎಲಿ ಲಿಲ್ಲಿ ಕಂಪನಿಯಲ್ಲಿ ಗಾರ್ಡನ್ ಸ್ವಬೋಡ ಎಂಬವರೂ ಇದೇ ಗಿಡದ ಮೇಲೆ ಕೆಲಸ ಮಾಡುತ್ತಿದ್ದರು. ಅವರೂ ಹೊರಟದ್ದು ಸಕ್ಕರೆ ಕಾಯಿಲೆಯ ಮದ್ದನ್ನು ಹುಡುಕಿಕೊಂಡೇ. ಅವರ ಸಾರ ರಕ್ತದ ಕ್ಯಾನ್ಸರ್ ಇದ್ದ ಇಲಿಗಳ ಆಯುಷ್ಯವನ್ನು ಹೆಚ್ಚಿಸಿತು. ಅಲ್ಲಿ ಬೇರ್ಪಟ್ಟ ಇನ್ನೊಂದು ವಸ್ತುವೇ ವಿಂಕ್ರಿಸ್ಟಿನ್. ಎಲೆಯಲ್ಲಿ ಇದರ ಅಂಶ ಎಷ್ಟು ಕಡಿಮೆಯೆಂದರೆ ಒಂದೇ ಒಂದು ಗ್ರಾಂ ತೆಗೆಯಲು ನೂರಾರು ಕಿಲೋ ಒಣಗಿದ ಎಲೆ ಬೇಕು. 1963ರಲ್ಲಿ ಅಮೆರಿಕದಲ್ಲಿ ಇದರ ಬಳಕೆಗೆ ಅನುಮತಿ ಸಿಕ್ಕಿತು.

ನಾನು ಹಾಸಿಗೆ ಹಿಡಿದಿದ್ದಾಗ ನೋಡಲು ಬಂದ ನೆಂಟರೊಬ್ಬರು, ಇದನ್ನೆಲ್ಲ ಎಲ್ಲೋ ಅರ್ಧ ಕೇಳಿದವರು, "ಅಷ್ಟು ದುಡ್ಡು ಯಾಕೆ ಸುರೀತೀಯ, ಅಂಗಳದಲ್ಲೇ ಗಿಡ ಐತೆ, ಕಷಾಯ ಮಾಡ್ಕೊಂಡು ಕುಡಿ" ಎಂದಿದ್ದರು. ಅವರಿಗೆ ನೋಬಲ್ ಅವರ ಇಲಿಗಳ ಕಥೆ ಹೇಳಿದೆ. ಎಲೆಯಲ್ಲಿ ಇರುವುದು ಔಷಧಿಯಲ್ಲ, ಔಷಧಿಯೂ ಆಗಬಲ್ಲ ವಿಷ. ಎಷ್ಟು, ಹೇಗೆ, ಯಾರಿಗೆ ಎಂದು ಗೊತ್ತಾಗುವವರೆಗೆ ಅದು ವಿಷವೇ.

ಇನ್ನು ಈ ಔಷಧಿಯನ್ನು ಮನುಷ್ಯರಿಗೆ ಕೊಟ್ಟವರ ಕಥೆ. ಇದನ್ನು ಅರ್ಥ ಮಾಡಿಕೊಳ್ಳಲು ಆಗಿನ ಮಕ್ಕಳ ವಾರ್ಡು ಹೇಗಿತ್ತು ಎಂಬುದು ಗೊತ್ತಿರಬೇಕು. 1940ರ ದಶಕದಲ್ಲಿ ರಕ್ತದ ಕ್ಯಾನ್ಸರ್ ಬಂದ ಮಗು ಕೆಲವು ವಾರ, ಹೆಚ್ಚೆಂದರೆ ಕೆಲವು ತಿಂಗಳು ಬದುಕುತ್ತಿತ್ತು. 1948ರಲ್ಲಿ ಬಾಸ್ಟನ್ನಿನ ಸಿಡ್ನಿ ಫಾರ್ಬರ್ ಅವರು ಅಮಿನೋಪ್ಟೆರಿನ್ ಎಂಬ ಔಷಧಿ ಕೊಟ್ಟ 16 ಮಕ್ಕಳಲ್ಲಿ 10 ಮಕ್ಕಳು ಚೇತರಿಸಿಕೊಂಡ ವರದಿ ಪ್ರಕಟಿಸಿದರು. ಆ ಔಷಧಿಯನ್ನು ಒದಗಿಸಿದ ಲೆಡರ್ಲಿ ಪ್ರಯೋಗಾಲಯದ ತಂಡದ ನಾಯಕರು ನಮ್ಮ ನೆರೆಯ ಆಂಧ್ರದ ಭೀಮವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್. ಆದರೆ ಆ ಚೇತರಿಕೆ ನಿಲ್ಲಲಿಲ್ಲ. ಕೆಲವು ತಿಂಗಳಲ್ಲಿ ರೋಗ ತಿರುಗಿ ಬರುತ್ತಿತ್ತು. ಒಂದೊಂದೇ ಔಷಧಿ ಕೊಟ್ಟರೆ ಕ್ಯಾನ್ಸರ್ ಅದಕ್ಕೆ ಒಗ್ಗಿಕೊಳ್ಳುತ್ತಿತ್ತು.

1960ರ ದಶಕದ ಆರಂಭದಲ್ಲಿ ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯಲ್ಲಿದ್ದ ಎಮಿಲ್ ಫ್ರೈ ಮತ್ತು ಎಮಿಲ್ ಫ್ರೈರೈಕ್ ಎಂಬ ವೈದ್ಯರು ಹಲವು ಔಷಧಿಗಳನ್ನು ಒಟ್ಟಿಗೆ ಕೊಡುವ ಸಾಹಸಕ್ಕೆ ಇಳಿದರು. ಬಹಳ ಜನ ಇದನ್ನು ಕ್ರೌರ್ಯವೆಂದರು. ಒಂದೇ ವಿಷವನ್ನು ತಡೆಯಲಾರದ ಮಗುವಿಗೆ ನಾಲ್ಕು ವಿಷವೇ? ಇವರ ಉತ್ತರ ಲೆಕ್ಕಾಚಾರದ್ದಾಗಿತ್ತು. ನಾಲ್ಕೂ ಔಷಧಿಗಳು ಕ್ಯಾನ್ಸರಿಗೆ ಹೊಡೆಯಬೇಕು, ಆದರೆ ದೇಹದ ಒಂದೇ ಜಾಗಕ್ಕೆ ಹೊಡೆಯಬಾರದು. ಅಂದಿನ ಬಹುತೇಕ ಔಷಧಿಗಳು ಮೂಳೆಯ ಮಜ್ಜೆಯನ್ನು ಹಾಳು ಮಾಡುತ್ತಿದ್ದವು. ಮಜ್ಜೆಯ ಮೇಲೆ ಎಲ್ಲ ಭಾರವನ್ನೂ ಹೇರಿದರೆ ಮಗು ಸೋಂಕಿನಿಂದಲೋ ರಕ್ತಸ್ರಾವದಿಂದಲೋ ಸಾಯುತ್ತದೆ. ಹಾಗಾಗಿ ಮಜ್ಜೆಯನ್ನು ಹೆಚ್ಚು ಮುಟ್ಟದ ಔಷಧಿಯೊಂದು ಬೇಕಿತ್ತು.

ಅದು ವಿಂಕ್ರಿಸ್ಟಿನ್. ವಿನ್‌ಬ್ಲಾಸ್ಟಿನ್ ಮತ್ತು ವಿಂಕ್ರಿಸ್ಟಿನ್ ಅವಳಿಗಳಂತೆ. ಆ ದೊಡ್ಡ ಅಣುಗಳಲ್ಲಿ ಒಂದೇ ಒಂದು ಕಡೆ, ಕೆಲವೇ ಪರಮಾಣುಗಳ ವ್ಯತ್ಯಾಸವಿದೆ. ಆದರೆ ಅಷ್ಟರಿಂದಲೇ ಅವುಗಳ ಗುಣ ಬದಲಾಗುತ್ತದೆ. ವಿನ್‌ಬ್ಲಾಸ್ಟಿನ್ ಮುಖ್ಯವಾಗಿ ಮಜ್ಜೆಗೆ ಪೆಟ್ಟು ಕೊಡುತ್ತದೆ. ವಿಂಕ್ರಿಸ್ಟಿನ್ ಮಜ್ಜೆಯನ್ನು ಬಹುಪಾಲು ಬಿಟ್ಟು ನರಗಳಿಗೆ ಪೆಟ್ಟು ಕೊಡುತ್ತದೆ. ವಿಂಕ್ರಿಸ್ಟಿನ್ ಜೊತೆ ಇನ್ನು ಮೂರು ಔಷಧಿ ಸೇರಿಸಿದ 'ವ್ಯಾಂಪ್' ಎಂಬ ಚಿಕಿತ್ಸೆ 1962ರಲ್ಲಿ ಮಕ್ಕಳ ಮೇಲೆ ಪ್ರಯೋಗವಾಯಿತು. ಬೇರೆ ಔಷಧಿಗಳು ಮಜ್ಜೆಯ ಮೇಲೆ ಬಿದ್ದವು, ಇದು ನರದ ಮೇಲೆ ಬಿತ್ತು. ಆ ಸಾಹಸದಿಂದ ಬೆಳೆದ ಚಿಕಿತ್ಸೆಯಲ್ಲಿ ಇವತ್ತು ಒಳ್ಳೆಯ ಸೌಲಭ್ಯವಿರುವ ದೇಶಗಳಲ್ಲಿ ಈ ಕಾಯಿಲೆಯ ಹತ್ತು ಮಕ್ಕಳಲ್ಲಿ ಸುಮಾರು ಒಂಬತ್ತು ಮಕ್ಕಳು ಬದುಕುತ್ತಾರೆ. 1964ರಲ್ಲಿ ಅದೇ ಸಂಸ್ಥೆಯಲ್ಲಿ ಹಾಡ್ಜ್‌ಕಿನ್ ಕಾಯಿಲೆಗೆ 'ಮಾಪ್' ಎಂಬ ಜೋಡಣೆ ಶುರುವಾಯಿತು. 70ರ ದಶಕದಲ್ಲಿ ನನಗೆ ಕೊಟ್ಟ 'ಚಾಪ್' ಬಂತು. ಎರಡರಲ್ಲೂ 'ಓ' ಅಕ್ಷರ ಇದೆ.

ಇದನ್ನು ಓದಿದ ದಿನ ನಾನು ಪುಸ್ತಕ ಮುಚ್ಚಿಟ್ಟು ಬಹಳ ಹೊತ್ತು ಕೂತಿದ್ದೆ. ಅಡ್ಡಪರಿಣಾಮ ಎಂದರೆ ಯಾರೂ ಬಯಸದೆ, ಗೊತ್ತಿಲ್ಲದೆ ಆದದ್ದು ಎಂದು ತಿಳಿದಿದ್ದೆ. ಇಲ್ಲಿ ಹಾಗಿರಲಿಲ್ಲ. ಪೆಟ್ಟು ನರಕ್ಕೆ ಬೀಳುತ್ತದೆ, ಮಜ್ಜೆಗಲ್ಲ ಎಂಬುದೇ ವಿಂಕ್ರಿಸ್ಟಿನ್ನಿಗೆ ಆ ತಂಡದಲ್ಲಿ ಜಾಗ ಕೊಡಿಸಿದ ಅರ್ಹತೆ. ಮಜ್ಜೆ ಕೆಟ್ಟರೆ ಮನುಷ್ಯ ವಾರದಲ್ಲಿ ಸಾಯುತ್ತಾನೆ, ನರ ಕೆಟ್ಟರೆ ಎಡವುತ್ತ ಬದುಕುತ್ತಾನೆ. ಅವರ ಆಯ್ಕೆ ಸರಿಯಾಗಿತ್ತು. ನಾನೇ ಅವರ ಜಾಗದಲ್ಲಿದ್ದರೂ ಅದನ್ನೇ ಆರಿಸುತ್ತಿದ್ದೆ. ನನ್ನ ಅಂಗಾಲು ನನ್ನ ಜೀವದ ಬದಲಿಗೆ ಕೊಟ್ಟ ಬೆಲೆ. ಆದರೆ ಬೆಲೆ ಕೊಟ್ಟ ಮೇಲೆ ಅದು ಲೆಕ್ಕದ ಪುಸ್ತಕದಲ್ಲಿ ಇರಬೇಕಲ್ಲವೇ?

ಲೆಕ್ಕಕ್ಕೆ ಬರುವ ಮುನ್ನ, ನರಕ್ಕೆ ಪೆಟ್ಟು ಬೀಳುವುದಾದರೂ ಹೇಗೆ ಎಂದು ಹೇಳಬೇಕು. ಕಿಮೊ ಔಷಧಿಗಳು ವೇಗವಾಗಿ ವಿಭಜನೆಯಾಗುವ ಕೋಶಗಳನ್ನು ಕೊಲ್ಲುತ್ತವೆ ಎನ್ನುತ್ತಾರೆ. ಕೂದಲು ಉದುರುವುದು, ಬಾಯಿ ಹುಣ್ಣಾಗುವುದು ಇದರಿಂದಲೇ. ನರಕೋಶ ವಿಭಜನೆಯಾಗುವುದೇ ಇಲ್ಲವಲ್ಲ, ಅದಕ್ಕೇಕೆ ಪೆಟ್ಟು?

ಉತ್ತರ ಇರುವುದು ಕೋಶದೊಳಗಿನ ಸಣ್ಣ ಕೊಳವೆಗಳಲ್ಲಿ. ಕೋಶ ಎರಡಾಗುವಾಗ ವರ್ಣತಂತುಗಳನ್ನು ಆ ಕಡೆ ಈ ಕಡೆ ಎಳೆಯಲು ಟ್ಯೂಬ್ಯುಲಿನ್ ಎಂಬ ಪ್ರೋಟೀನಿನಿಂದ ಕಟ್ಟಿದ ಕೊಳವೆಗಳು ಬೇಕು. ವಿಂಕ್ರಿಸ್ಟಿನ್ ಆ ಕೊಳವೆಗಳನ್ನು ಕಟ್ಟಲು ಬಿಡುವುದಿಲ್ಲ, ಕ್ಯಾನ್ಸರ್ ಕೋಶ ಅರ್ಧದಲ್ಲೇ ಸಾಯುತ್ತದೆ. ಆದರೆ ಅದೇ ಕೊಳವೆಗಳು ನರದೊಳಗೂ ಇವೆ. ಅಲ್ಲಿ ಅವುಗಳ ಕೆಲಸ ಸಾಗಣೆ. ನರಕೋಶದ ಒಡಲು ಬೆನ್ನುಹುರಿಯ ಹತ್ತಿರ ಇರುತ್ತದೆ, ಅದರ ತುದಿ ಕಾಲಿನ ಹೆಬ್ಬೆರಳಿನಲ್ಲಿರುತ್ತದೆ. ನಡುವೆ ಸುಮಾರು ಒಂದು ಮೀಟರ್ ದೂರ. ತುದಿಗೆ ಬೇಕಾದದ್ದನ್ನೆಲ್ಲ ಒಡಲಿನಲ್ಲಿ ತಯಾರಿಸಿ ಈ ಕೊಳವೆಗಳ ಮೇಲೆ ಸಾಗಿಸಬೇಕು. ಕೊಳವೆ ಮುರಿದರೆ ಸಾಗಣೆ ನಿಲ್ಲುತ್ತದೆ.

ಭದ್ರಾ ನಾಲೆಯ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಾಲೆಯಲ್ಲಿ ನೀರು ಕಡಿಮೆಯಾದಾಗ ಮೊದಲು ಒಣಗುವುದು ಕೊನೆಯ ಭಾಗದ ಗದ್ದೆ. ಮೇಲಿನವರ ಪೈರು ಹಸಿರಾಗಿಯೇ ಇರುತ್ತದೆ. ಪ್ರತಿ ಬೇಸಿಗೆ ಬೆಳೆಗೂ ಕೊನೆಯ ಭಾಗದ ರೈತರು ರಸ್ತೆಗೆ ಇಳಿಯುವುದು, ನೀರಗಂಟಿಯ ಹಿಂದೆ ಅಲೆಯುವುದು ನಮಗೆ ಮಾಮೂಲು. ನರದಲ್ಲೂ ಹಾಗೇ. ಅತಿ ಉದ್ದದ ನರಗಳ ತುದಿಗೇ ಮೊದಲ ಬರ. ಅದಕ್ಕೇ ಜೋಮು ಕಾಲ್ಬೆರಳಿನಿಂದ ಶುರುವಾಗಿ ಮೇಲೇರುತ್ತದೆ, ಆಮೇಲೆ ಕೈಬೆರಳಿಗೆ ಬರುತ್ತದೆ. ವೈದ್ಯರು ಇದನ್ನು ಕಾಲುಚೀಲ ಮತ್ತು ಕೈಗವಸು ಹಾಕಿದಂತೆ ಎಂದು ವಿವರಿಸುತ್ತಾರೆ.

ಇತಿಹಾಸದವನಾಗಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಇಲ್ಲಿನ ಇಸವಿಗಳು. ಈ ಕೊಳವೆಗಳಿಗೆ 'ಮೈಕ್ರೊಟ್ಯೂಬ್ಯೂಲ್' ಎಂಬ ಹೆಸರು ಬಳಕೆಗೆ ಬಂದದ್ದು 1963ರಲ್ಲಿ, ವಿಂಕ್ರಿಸ್ಟಿನ್ನಿಗೆ ಅನುಮತಿ ಸಿಕ್ಕ ವರ್ಷದಲ್ಲೇ. ಆ ಹಾದಿಯ ಮೇಲೆ ಸಾಮಾನು ಹೊತ್ತು ನಡೆಯುವ ಕೈನೆಸಿನ್ ಎಂಬ ಪ್ರೋಟೀನ್ ಪತ್ತೆಯಾದದ್ದು 1985ರಲ್ಲಿ. ಔಷಧಿ ಏನನ್ನು ಮುರಿಯುತ್ತಿದೆ ಎಂದು ಸರಿಯಾಗಿ ತಿಳಿಯುವ ಎರಡು ದಶಕ ಮೊದಲೇ ಅದು ಸಾವಿರಾರು ಮಕ್ಕಳನ್ನು ಉಳಿಸಿತ್ತು, ಅವರ ಪಾದಗಳನ್ನು ಮರಗಟ್ಟಿಸಿತ್ತು.

ವೈದ್ಯರು ಇದನ್ನು ಕಂಡಿರಲಿಲ್ಲ ಎಂದಲ್ಲ. 60ರ ದಶಕದ ಕೊನೆಯ ಹೊತ್ತಿಗೇ ವಿಂಕ್ರಿಸ್ಟಿನ್ ಪಡೆದ ರೋಗಿಗಳ ನರಗಳ ಬಗ್ಗೆ ಸವಿವರ ವರದಿಗಳು ಬಂದವು. 1969ರ ಒಂದು ಅಧ್ಯಯನ 50 ರಕ್ತದ ಕ್ಯಾನ್ಸರ್ ರೋಗಿಗಳನ್ನು ಪರೀಕ್ಷಿಸಿತ್ತು. ಹಿಮ್ಮಡಿಯ ಮೇಲಿನ ಸ್ನಾಯುರಜ್ಜುವನ್ನು ಸುತ್ತಿಗೆಯಿಂದ ತಟ್ಟಿದರೆ ಪಾದ ಜಿಗಿಯಬೇಕು. ವಿಂಕ್ರಿಸ್ಟಿನ್ ಪಡೆದವರಲ್ಲಿ ಮೊದಲು ಮಾಯವಾಗುವುದು ಆ ಜಿಗಿತ. ಆಮೇಲೆ ಜೋಮು, ದವಡೆ ನೋವು, ಮಲಬದ್ಧತೆ. ಹೆಚ್ಚಾದರೆ ಪಾದವನ್ನು ಮೇಲೆತ್ತಲಾಗದೆ ಹೊಸ್ತಿಲು ಎಡವುವುದು. ಎಷ್ಟೇ ದೊಡ್ಡ ಆಳಾದರೂ ಒಂದು ಸಲಕ್ಕೆ 2 ಮಿಲಿಗ್ರಾಂ ಮೀರಿ ಕೊಡಬಾರದು ಎಂಬ ಮಿತಿ ಬಳಕೆಗೆ ಬಂದದ್ದೂ ನರಗಳನ್ನು ಕಾಯುವುದಕ್ಕಾಗಿಯೇ.

ನರ್ಸ್ ನನಗೆ ಈ ಔಷಧಿಯನ್ನು ಸಿರಿಂಜಿನಲ್ಲಿ ಕೊಡುತ್ತಿರಲಿಲ್ಲ, ಸಣ್ಣ ಚೀಲವೊಂದನ್ನು ತೂಗುಹಾಕುತ್ತಿದ್ದರು. ಯಾಕೆ ಎಂದು ಆಮೇಲೆ ತಿಳಿಯಿತು. ಕೆಲವು ರೋಗಿಗಳಿಗೆ ಬೇರೆ ಔಷಧಿಯೊಂದನ್ನು ಸಿರಿಂಜಿನಲ್ಲಿ ಬೆನ್ನುಹುರಿಯ ದ್ರವಕ್ಕೆ ಕೊಡಬೇಕಾಗುತ್ತದೆ. ಆ ಸಿರಿಂಜು ಯಾವುದು, ಈ ಸಿರಿಂಜು ಯಾವುದು ಎಂದು ಗೊಂದಲವಾಗಿ ವಿಂಕ್ರಿಸ್ಟಿನ್ ಬೆನ್ನಿಗೆ ಹೋದರೆ ಬಹುತೇಕ ಸಾವೇ ಗತಿ. ಇಂಥ ಮೊದಲ ಪ್ರಕರಣ 1968ರಲ್ಲೇ ದಾಖಲಾಯಿತು. ಆಮೇಲೂ ಬೇರೆ ಬೇರೆ ದೇಶಗಳಲ್ಲಿ ಅದೇ ತಪ್ಪು ಮತ್ತೆ ಮತ್ತೆ ನಡೆಯಿತು. 2007ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಎಚ್ಚರಿಕೆ ಹೊರಡಿಸಿ, ಸಿರಿಂಜು ಬಿಟ್ಟು ಸಣ್ಣ ಚೀಲದಲ್ಲೇ ಕೊಡಿ ಎಂದಿತು. ಚೀಲವನ್ನು ಬೆನ್ನಿಗೆ ಚುಚ್ಚಲು ಯಾರೂ ಹೋಗುವುದಿಲ್ಲವಲ್ಲ. ಇಷ್ಟು ಸರಳವಾದ ಉಪಾಯ ಎಲ್ಲರ ಬಾಯಿಗೆ ಬರಲು ಸುಮಾರು 40 ವರ್ಷ ಬೇಕಾಯಿತು.

ವಿಂಕ್ರಿಸ್ಟಿನ್ ಒಂಟಿಯಲ್ಲ. 1962ರಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದ ಕಾಡಿನಲ್ಲಿ ಯೂ ಮರದ ತೊಗಟೆ ಸಂಗ್ರಹಿಸಿದರು. ಅದರಿಂದ ಮನ್ರೋ ವಾಲ್ ಮತ್ತು ಮಹಾರಾಷ್ಟ್ರದ ನಂದುರಬಾರಿನಲ್ಲಿ ಹುಟ್ಟಿದ ಮನಸುಖ ವಾಣಿ ಎಂಬ ರಸಾಯನಶಾಸ್ತ್ರಜ್ಞರು ಟ್ಯಾಕ್ಸಾಲ್ ಔಷಧಿಯನ್ನು ಬೇರ್ಪಡಿಸಿ 1971ರಲ್ಲಿ ಅದರ ರಚನೆಯನ್ನು ಪ್ರಕಟಿಸಿದರು. ಅದರ ಕೆಲಸ ವಿಂಕ್ರಿಸ್ಟಿನ್ನಿಗೆ ತದ್ವಿರುದ್ಧ ಎಂದು 1979ರಲ್ಲಿ ಸೂಸನ್ ಹಾರ್ವಿಟ್ಜ್ ತೋರಿಸಿದರು. ಒಂದು ಕೊಳವೆಗಳನ್ನು ಕಟ್ಟಲು ಬಿಡುವುದಿಲ್ಲ, ಇನ್ನೊಂದು ಕಟ್ಟಿದ್ದನ್ನು ಬಿಚ್ಚಲು ಬಿಡುವುದಿಲ್ಲ. ಎರಡರಿಂದಲೂ ಅಂಗಾಲಿಗೆ ಜೋಮು. 1978ರಲ್ಲಿ ಬಳಕೆಗೆ ಬಂದ ಸಿಸ್‌ಪ್ಲಾಟಿನ್ ಬೇರೆಯೇ ದಾರಿಯಲ್ಲಿ, ಬೆನ್ನುಹುರಿಯ ಪಕ್ಕದ ನರಗ್ರಂಥಿಗಳಿಗೇ ಪೆಟ್ಟು ಕೊಡುತ್ತದೆ. ಚಿಕಿತ್ಸೆ ನಿಲ್ಲಿಸಿದ ಮೇಲೂ ಕೆಲವು ತಿಂಗಳು ಜೋಮು ಹೆಚ್ಚುತ್ತಲೇ ಹೋಗಬಹುದು.

ಹೀಗಿದ್ದರೂ ಈ ಹಾನಿ ಎಷ್ಟು ಜನಕ್ಕೆ, ಎಷ್ಟು ಕಾಲ ಎಂಬ ಲೆಕ್ಕ ತಡವಾಗಿ ಸಿದ್ಧವಾಯಿತು. 31 ಅಧ್ಯಯನಗಳ 4,179 ರೋಗಿಗಳನ್ನು ಒಟ್ಟುಗೂಡಿಸಿ ನೋಡಿದ ವಿಶ್ಲೇಷಣೆಯೊಂದು 2014ರಲ್ಲಿ ಬಂತು. ಇಂಥ ಔಷಧಿ ಪಡೆದವರಲ್ಲಿ ಚಿಕಿತ್ಸೆ ಮುಗಿದ ಮೊದಲ ತಿಂಗಳಲ್ಲಿ ಶೇ 68ರಷ್ಟು, 3 ತಿಂಗಳಿಗೆ ಶೇ 60ರಷ್ಟು, 6 ತಿಂಗಳ ನಂತರವೂ ಶೇ 30ರಷ್ಟು ಮಂದಿಗೆ ನರದ ತೊಂದರೆ ಇತ್ತು. ವಿಂಕ್ರಿಸ್ಟಿನ್ ಬಂದು ಅರ್ಧ ಶತಮಾನ ಕಳೆದ ಮೇಲಿನ ಮಾತು ಇದು.

ಇಷ್ಟು ತಡವೇಕೆ? ಮಜ್ಜೆಗೆ ಪೆಟ್ಟು ಬಿದ್ದರೆ ರಕ್ತಪರೀಕ್ಷೆಯ ಚೀಟಿಯಲ್ಲಿ ಅಂಕಿ ಕಾಣುತ್ತದೆ. ಗಡ್ಡೆ ಕರಗಿದರೆ ಸ್ಕ್ಯಾನ್ ತೋರಿಸುತ್ತದೆ. ಜೋಮು ಎಲ್ಲಿ ಕಾಣುತ್ತದೆ? ಅದು ರೋಗಿಯ ಬಾಯಿಂದಲೇ ಬರಬೇಕು. ರೋಗಿ 'ಇರುವೆ ಹರಿದ ಹಾಗಾಗುತ್ತೆ' ಎನ್ನುತ್ತಾನೆ, 'ಮರಳ ಮೇಲೆ ನಡೆದಂಗೆ' ಎನ್ನುತ್ತಾನೆ. ದಾಖಲೆಯಲ್ಲಿ ಅದು ದರ್ಜೆ ಒಂದು, ದರ್ಜೆ ಎರಡು ಎಂದಾಗುತ್ತದೆ. ಎಷ್ಟೋ ಸಲ ಅಷ್ಟೂ ಆಗುವುದಿಲ್ಲ, ಏಕೆಂದರೆ ರೋಗಿ ನನ್ನ ಹಾಗೆ "ಪರವಾಗಿಲ್ಲ" ಎಂದಿರುತ್ತಾನೆ.

ಜೋಮಿನ ಮಾತನ್ನು ಕಿವಿಗೊಟ್ಟು ಕೇಳಿದರೆ ಏನಾಗುತ್ತದೆ ಎಂಬುದಕ್ಕೂ ಇತಿಹಾಸದಲ್ಲಿ ಉದಾಹರಣೆ ಇದೆ. ಥಾಲಿಡೊಮೈಡ್ ಎಂಬ ನಿದ್ದೆ ಮಾತ್ರೆಯಿಂದ ಸಾವಿರಾರು ಮಕ್ಕಳು ಕೈಕಾಲು ಬೆಳೆಯದೆ ಹುಟ್ಟಿದ ದುರಂತ ಗೊತ್ತಿರಬಹುದು. ಆ ಮಾತ್ರೆಯ ಮೇಲೆ ಬಹಿರಂಗವಾಗಿ ಎದ್ದ ಮೊದಲ ಸಂಶಯಗಳಲ್ಲೊಂದು ಶಿಶುಗಳ ಬಗ್ಗೆ ಆಗಿರಲಿಲ್ಲ, ಜೋಮಿನ ಬಗ್ಗೆ ಆಗಿತ್ತು. 1960ರ ಡಿಸೆಂಬರ್ 31ರಂದು ಬ್ರಿಟಿಷ್ ವೈದ್ಯಕೀಯ ಪತ್ರಿಕೆಯಲ್ಲಿ ಲೆಸ್ಲಿ ಫ್ಲಾರೆನ್ಸ್ ಎಂಬ ವೈದ್ಯರ ಸಣ್ಣ ಪತ್ರ ಪ್ರಕಟವಾಯಿತು. ಈ ಮಾತ್ರೆ ನುಂಗುತ್ತಿದ್ದ ತಮ್ಮ ನಾಲ್ವರು ರೋಗಿಗಳಿಗೆ ಕೈಕಾಲು ಜುಮುಜುಮು ಎನ್ನುತ್ತಿದೆ, ಇದಕ್ಕೆ ಮಾತ್ರೆ ಕಾರಣವೇ ಎಂದು ಅವರು ಕೇಳಿದ್ದರು. ಅಮೆರಿಕದ ಔಷಧಿ ಇಲಾಖೆಯಲ್ಲಿದ್ದ ಫ್ರಾನ್ಸಿಸ್ ಕೆಲ್ಸಿ ಆ ಪತ್ರ ಓದಿದರು. ನರಕ್ಕೆ ಹಾನಿ ಮಾಡುವ ಔಷಧಿ ಗರ್ಭದ ಶಿಶುವಿಗೆ ಏನು ಮಾಡಬಹುದು ಎಂದು ಯೋಚಿಸಿ ಅನುಮತಿಯನ್ನು ತಡೆಹಿಡಿದರು. ಅಮೆರಿಕ ಬಹುಮಟ್ಟಿಗೆ ಆ ದುರಂತದಿಂದ ಪಾರಾಯಿತು. ಅದೇ ಥಾಲಿಡೊಮೈಡ್ ಈಗ ಮಜ್ಜೆಯ ಒಂದು ಬಗೆಯ ಕ್ಯಾನ್ಸರಿಗೆ ಔಷಧಿ. ಜೋಮು ಈಗಲೂ ಅದರ ಜೊತೆಗೇ ಇದೆ.

ಇನ್ನೊಂದು ಉದಾಹರಣೆ ತೀರಾ ಈಚಿನದು. ಕ್ಯಾನ್ಸರ್ ವೈದ್ಯ ಈಥನ್ ಬಾಷ್ 2010ರಲ್ಲಿ ಒಂದು ಲೇಖನ ಬರೆದು, ಔಷಧಿಯ ತೊಂದರೆಗಳನ್ನು ದಾಖಲಿಸುವಾಗ ರೋಗಿಯ ದನಿಯೇ ಇಲ್ಲವೆಂದು ಹೇಳಿದ್ದರು. ಆಮೇಲೆ ಅವರ ತಂಡ ನ್ಯೂಯಾರ್ಕಿನಲ್ಲಿ 766 ರೋಗಿಗಳ ಮೇಲೆ ಅಧ್ಯಯನ ಮಾಡಿತು. ಒಂದು ಗುಂಪು ಎಂದಿನಂತೆ ಚಿಕಿತ್ಸೆ ಪಡೆಯಿತು. ಇನ್ನೊಂದು ಗುಂಪಿನವರು ತಮಗೇನಾಗುತ್ತಿದೆ ಎಂದು ಕಂಪ್ಯೂಟರಿನಲ್ಲಿ ತಾವೇ ತುಂಬಿದರು. ತೊಂದರೆ ಹೆಚ್ಚಾದರೆ ನರ್ಸಿಗೆ ಸಂದೇಶ ಹೋಗುತ್ತಿತ್ತು. 2017ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿತ್ತು: ಮೊದಲ ಗುಂಪಿನ ಸರಾಸರಿ ಬದುಕು ಸುಮಾರು 26 ತಿಂಗಳು, ಹೇಳಿಕೊಂಡವರ ಗುಂಪಿನದು 31 ತಿಂಗಳು. ಹೇಳಿದರೆ ಔಷಧಿ ತಪ್ಪಿಹೋಗುತ್ತದೆ, ಆಯುಷ್ಯ ಕಡಿಮೆಯಾಗುತ್ತದೆ ಎಂದು ನಾನು ಹೆದರಿದ್ದೆ. ಅಲ್ಲಿ ಹೇಳಿಕೊಂಡವರೇ ಹೆಚ್ಚು ಕಾಲ ಬದುಕಿದ್ದರು, ಕಿಮೊವನ್ನೂ ಹೆಚ್ಚು ಕಾಲ ತಡೆದುಕೊಂಡಿದ್ದರು.

ಐದನೆಯ ಸುತ್ತಿಗೆ ಹೋದಾಗ ಡಾಕ್ಟರು ಎಂದಿನಂತೆ ಕೇಳಿದರು. ಹೆಂಡತಿ ನನ್ನ ಮುಖ ನೋಡಿದಳು. ನಾನು ಚಪ್ಪಲಿಯ ಕಥೆ ಹೇಳಿದೆ, ಗುಂಡಿಯ ಕಥೆ ಹೇಳಿದೆ, ಕ್ಲಾಸಿನಲ್ಲಿ ಚಾಕ್‌ಪೀಸ್ ಬೆರಳಿನಿಂದ ಜಾರಿ ಬಿದ್ದದ್ದನ್ನೂ ಹೇಳಿದೆ. ಅವರು ಸುತ್ತಿಗೆ ತೆಗೆದು ಹಿಮ್ಮಡಿಯ ಮೇಲೆ ತಟ್ಟಿದರು. ಪಾದ ಅಲುಗಲಿಲ್ಲ. "ಇದನ್ನ ಎರಡು ತಿಂಗಳ ಹಿಂದೆ ಹೇಳಬೇಕಿತ್ತು ಮೇಷ್ಟ್ರೇ" ಎಂದರು. ಬೈಯಲಿಲ್ಲ. ಉಳಿದ ಎರಡು ಸುತ್ತಿಗೆ ವಿಂಕ್ರಿಸ್ಟಿನ್ನಿನ ಪ್ರಮಾಣವನ್ನು ಅರ್ಧಕ್ಕಿಳಿಸಿದರು, ಮಿಕ್ಕ ಔಷಧಿಗಳನ್ನು ಪೂರ್ತಿ ಕೊಟ್ಟರು. ಜೋಮು ಬರದಂತೆ ತಡೆಯುವ ಮದ್ದು ಇನ್ನೂ ಇಲ್ಲ, ನೋವು ಹೆಚ್ಚಿದ್ದವರಿಗೆ ಡುಲೋಕ್ಸೆಟಿನ್ ಎಂಬ ಮಾತ್ರೆ ಒಂದಷ್ಟು ಸಹಾಯ ಮಾಡುತ್ತದೆ ಎಂದು ವಿವರಿಸಿದರು. ಕತ್ತಲಲ್ಲಿ ನಡೆಯಬೇಡಿ, ಪ್ರತಿ ರಾತ್ರಿ ಅಂಗಾಲನ್ನು ಕಣ್ಣಾರೆ ನೋಡಿಕೊಳ್ಳಿ, ಬಿಸಿನೀರಿನ ಹದವನ್ನು ಕಾಲಿನಿಂದ ನೋಡಬೇಡಿ ಎಂದು ಹೇಳಿ ಕಳಿಸಿದರು.

ಈಗ ಮೂರು ವರ್ಷವಾಯಿತು. ಸ್ಕ್ಯಾನಿನಲ್ಲಿ ಗಡ್ಡೆ ಇಲ್ಲ. ಕೈಬೆರಳಿನ ಜೋಮು ಬಹುಪಾಲು ಹೋಗಿದೆ, ಗುಂಡಿ ಸಿಗುತ್ತದೆ, ಚಾಕ್‌ಪೀಸ್ ನಿಲ್ಲುತ್ತದೆ. ಅಂಗಾಲು ಮಾತ್ರ ಇನ್ನೂ ಪೂರ್ತಿ ತಿರುಗಿ ಬಂದಿಲ್ಲ. ಹವಾಯಿ ಬಿಟ್ಟು ಹಿಂದೆ ಪಟ್ಟಿ ಇರುವ ಚಪ್ಪಲಿ ಹಾಕುತ್ತೇನೆ.

ಅವ್ವ ಈಗಲೂ ಬೆಳಿಗ್ಗೆ ಕಾಶಿಕಣಗಿಲೆ ಬಿಡಿಸಿ ದೇವರಿಗೆ ಏರಿಸುತ್ತಾಳೆ. ಈ ಗಿಡದಿಂದಲೇ ನಾನು ಬದುಕಿದ್ದು ಎಂದು ಹೇಳಿದ ದಿನದಿಂದ ಅದಕ್ಕೆ ಒಂದು ಚೊಂಬು ನೀರು ಹೆಚ್ಚು ಹಾಕುತ್ತಾಳೆ. ಕಾಲು ಮರಗಟ್ಟಿದ್ದೂ ಅದರಿಂದಲೇ ಎಂದು ಬಹಳ ದಿನ ಅವಳಿಗೆ ಹೇಳಿರಲಿಲ್ಲ. ಮೊನ್ನೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಕಾಲು ಚಾಚು, ಎಣ್ಣೆ ಹಚ್ತೀನಿ" ಎಂದಳು. ಅವಳ ಬೆರಳು ಹಿಮ್ಮಡಿಯ ಮೇಲೆ ಆಡಿದ್ದು ತಿಳಿಯಿತು. ಅಂಗಾಲಿನ ನಡುವಿಗೆ ಬಂದಾಗ ತಿಳಿಯಲಿಲ್ಲ. "ಇಲ್ಲಿ ಗೊತ್ತಾಗ್ತದಾ?" ಎಂದು ಕೇಳಿದಳು.

"ಇಲ್ಲ ಅವ್ವಾ" ಎಂದೆ.